ಹಕ್ಕಿಗೆ ಟಿಕೆಟು, ಒಂಟಿತನಕ್ಕೆ ಆಸರೆ

2024ರ ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ, ಬೆಂಗಳೂರಿನಿಂದ ಮೈಸೂರಿಗೆ ಬರುತ್ತಿದ್ದ ರಾಜ್ಯ ರಸ್ತೆ ಸಾರಿಗೆ ನಿಗಮದ ಬಸ್ಸೊಂದರಲ್ಲಿ ಅಜ್ಜಿ ಮತ್ತು ಮೊಮ್ಮಗಳು ನಾಲ್ಕು ಲವ್ ಬರ್ಡ್ಸ್ ಹಕ್ಕಿಗಳನ್ನು ಜೊತೆಗಿಟ್ಟುಕೊಂಡು ಪ್ರಯಾಣ ಮಾಡಿದರು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದಾಗಿ ಅವರಿಬ್ಬರಿಗೂ ಪ್ರಯಾಣ ಉಚಿತವಾಗಿತ್ತು. ಆದರೆ ನಿರ್ವಾಹಕರು ಹಕ್ಕಿಯೊಂದಕ್ಕೆ 111 ರೂಪಾಯಿಯಂತೆ ನಾಲ್ಕಕ್ಕೂ ಸೇರಿಸಿ 444 ರೂಪಾಯಿಗಳ ಟಿಕೆಟು ನೀಡಿದರು. ನಿಗಮದ ನಿಯಮಗಳಲ್ಲಿ ಹಕ್ಕಿಗಳಿಗೂ ದರವಿರುವುದರಿಂದ ಅವರು ತಮ್ಮ ಕರ್ತವ್ಯವನ್ನೇ ಮಾಡಿದ್ದರು. ಆದರೂ ಆ ಟಿಕೆಟಿನ ಚಿತ್ರ ನಾಡಿನ ತುಂಬ ಹರಡಿತು. ಮನುಷ್ಯರಿಗೆ ಉಚಿತ, ಹಕ್ಕಿಗೆ ಹಣವೇ ಎಂದು ಕೆಲವರು ನಕ್ಕರು, ಕೆಲವರು ಸಿಡಿಮಿಡಿಗೊಂಡರು.

ಜನರು ನಕ್ಕು ಮರೆತ ಈ ಪ್ರಸಂಗದ ಹಿಂದೆ ಅನೇಕ ದೇಶಗಳಲ್ಲಿ ಚರ್ಚೆಗೊಳಗಾಗಿರುವ ಗಂಭೀರ ಪ್ರಶ್ನೆಯೊಂದಿದೆ. ಬಸ್ಸು, ರೈಲು, ವಿಮಾನ, ಉದ್ಯಾನ ಮೊದಲಾದ ಎಲ್ಲರಿಗೂ ಸೇರಿದ ಸ್ಥಳಗಳಿಗೆ ಒಬ್ಬ ವ್ಯಕ್ತಿ ತನ್ನ ಮನಶ್ಶಾಂತಿಗಾಗಿ ಪ್ರಾಣಿಯೊಂದನ್ನು ಕರೆದೊಯ್ಯಬಹುದೇ? ಅದು ಅವನ ಹಕ್ಕೋ, ಇತರರು ತೋರಬೇಕಾದ ದಾಕ್ಷಿಣ್ಯವೋ? ಪ್ರಶ್ನೆ ದೂರದ್ದೆಂದು ತೋರಬಹುದು. ಆದರೆ ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಮನೆಗಳಿಂದ ಮಕ್ಕಳು ಬೆಂಗಳೂರಿಗೂ ಪರದೇಶಗಳಿಗೂ ಹೋಗಿ ನೆಲೆಸುತ್ತಿದ್ದಾರೆ. ಹಿರಿಯರು ನಾಯಿಯೊಂದನ್ನೇ ಸಂಗಾತಿಯಾಗಿಸಿಕೊಂಡು ಊರಿನಲ್ಲಿ ಉಳಿಯುತ್ತಿದ್ದಾರೆ. ಹೀಗಿರುವಾಗ ಈ ಪ್ರಶ್ನೆ ನಮ್ಮ ಹೊಸ್ತಿಲಿಗೂ ಬಂದಿದೆ ಎಂದೇ ಹೇಳಬೇಕು.

ವಾದಕ್ಕೆ ಮೊದಲು ಪದಗಳ ಅರ್ಥ ನಿಶ್ಚಿತವಾಗಬೇಕೆಂಬುದು ತರ್ಕಶಾಸ್ತ್ರದ ಮೊದಲ ಪಾಠ. ಕುರುಡನಿಗೆ ದಾರಿ ತೋರುವ, ಕಿವುಡನಿಗೆ ಸದ್ದನ್ನು ತಿಳಿಸುವ, ಮೂರ್ಛೆರೋಗಿಯ ನೆರವಿಗೆ ನಿಲ್ಲುವ ತರಬೇತಿ ಪಡೆದ ನಾಯಿ ಸೇವಾಪ್ರಾಣಿ. ಅದು ನಿರ್ದಿಷ್ಟವಾದ ಕೆಲಸವೊಂದನ್ನು ಮಾಡುತ್ತದೆ. ಆಸ್ಪತ್ರೆ ಅಥವಾ ವಿಶೇಷ ಶಾಲೆಗೆ ತಜ್ಞರು ಕರೆತಂದು ಚಿಕಿತ್ಸೆಯಲ್ಲಿ ಬಳಸುವ ಪ್ರಾಣಿ ಚಿಕಿತ್ಸಾ ಸಹಾಯಕ. ಇವೆರಡೂ ಅಲ್ಲದೆ, ಯಾವ ತರಬೇತಿಯೂ ಇಲ್ಲದೆ, ಕೇವಲ ತನ್ನ ಸಾನ್ನಿಧ್ಯದಿಂದ ಒಡೆಯನ ಆತಂಕವನ್ನೋ ಖಿನ್ನತೆಯನ್ನೋ ತಗ್ಗಿಸುವ ಪ್ರಾಣಿಯನ್ನು ಪಾಶ್ಚಾತ್ಯರು ‘ಎಮೋಷನಲ್ ಸಪೋರ್ಟ್ ಅನಿಮಲ್’ ಎಂದು ಕರೆದರು. ನಾವು ಅದನ್ನು ಆಸರೆಪ್ರಾಣಿ ಎನ್ನೋಣ. ಕೊನೆಯದಾಗಿ, ಪ್ರೀತಿಗಾಗಿ ಸಾಕಿಕೊಂಡ ಸಾಮಾನ್ಯ ಸಾಕುಪ್ರಾಣಿ. ವಿವಾದವೆಲ್ಲ ಹುಟ್ಟಿರುವುದು ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವಿನ ಗೆರೆ ತೀರ ತೆಳುವಾಗಿರುವುದರಿಂದ.

ಅಮೆರಿಕದ ಅನುಭವ ಇಲ್ಲಿ ನಮಗೆ ಪಾಠವಾಗಬಲ್ಲುದು. ಅಂಗವಿಕಲರಿಗೆ ವಿಮಾನಯಾನದಲ್ಲಿ ತಾರತಮ್ಯ ಸಲ್ಲದೆಂದು ಆ ದೇಶವು 1986ರಲ್ಲಿ ಕಾನೂನು ಮಾಡಿತು. ಕಾಲಕ್ರಮದಲ್ಲಿ ಅದರ ನಿಯಮಗಳಡಿ, ಮನೋವೈದ್ಯರ ಪತ್ರವಿದ್ದರೆ ಆಸರೆಪ್ರಾಣಿಯನ್ನೂ ಶುಲ್ಕವಿಲ್ಲದೆ ಒಯ್ಯಬಹುದೆಂದಾಯಿತು. ನಿಜವಾಗಿ ನೊಂದವರಿಗೆ ಅದು ಉಪಕಾರವೇ ಆಗಿತ್ತು. ಆದರೆ ಶುಲ್ಕ ಉಳಿಸುವ ಆಸೆಯಿಂದ ಅನೇಕರು ತಮ್ಮ ಸಾಕುಪ್ರಾಣಿಗೂ ಅದೇ ಹೆಸರು ಕೊಟ್ಟರು. ಹಣ ತೆತ್ತವರಿಗೆ ಮುಖವನ್ನೂ ನೋಡದೆ ಪ್ರಮಾಣಪತ್ರ ಮಾರುವವರು ಹುಟ್ಟಿಕೊಂಡರು. 2017ರ ಜೂನ್ ತಿಂಗಳಲ್ಲಿ ಅಟ್ಲಾಂಟಾ ನಗರದಲ್ಲಿ, ವಿಮಾನದೊಳಗೆ ಕುಳಿತಿದ್ದ ಪ್ರಯಾಣಿಕನೊಬ್ಬನ ಮುಖವನ್ನು ಪಕ್ಕದವನ ನಾಯಿ ಕಚ್ಚಿ ತೀವ್ರವಾಗಿ ಗಾಯಗೊಳಿಸಿತು. 2018ರ ಜನವರಿಯಲ್ಲಿ ನ್ಯೂಅರ್ಕ್ ವಿಮಾನ ನಿಲ್ದಾಣಕ್ಕೆ ಮಹಿಳೆಯೊಬ್ಬರು ನವಿಲನ್ನು ಆಸರೆಪ್ರಾಣಿಯೆಂದು ಕರೆತಂದಾಗ ವಿಮಾನ ಕಂಪನಿ ಅದನ್ನು ಹತ್ತಿಸಿಕೊಳ್ಳಲಿಲ್ಲ. ಕಡೆಗೆ 2020ರ ಡಿಸೆಂಬರಿನಲ್ಲಿ ಅಲ್ಲಿನ ಸಾರಿಗೆ ಇಲಾಖೆ ಹೊಸ ನಿಯಮ ಪ್ರಕಟಿಸಿತು. 2021ರ ಜನವರಿ 11ರಿಂದ ಅದು ಜಾರಿಗೆ ಬಂತು. ಅದರಂತೆ, ಅಂಗವಿಕಲನಿಗಾಗಿ ಕೆಲಸ ಮಾಡಲು ತರಬೇತಿ ಪಡೆದ ನಾಯಿ ಮಾತ್ರ ಸೇವಾಪ್ರಾಣಿ. ಮನೋರೋಗಿಗಳಿಗಾಗಿ ತರಬೇತಾದ ನಾಯಿಯೂ ಇದರಲ್ಲಿ ಸೇರಿದೆ. ಕೇವಲ ಆಸರೆಯ ಪ್ರಾಣಿಗಳನ್ನು ಸಾಮಾನ್ಯ ಸಾಕುಪ್ರಾಣಿಗಳಂತೆ ಪರಿಗಣಿಸುವ ಸ್ವಾತಂತ್ರ್ಯ ವಿಮಾನ ಕಂಪನಿಗಳಿಗೆ ದೊರೆಯಿತು.

ಇದರಲ್ಲಿ ನಷ್ಟವಾದುದು ಯಾರಿಗೆ? ಸುಳ್ಳು ಪತ್ರ ತಂದವನಿಗೆ ಒಂದಿಷ್ಟು ಶುಲ್ಕ ಹೆಚ್ಚಾಯಿತು, ಅಷ್ಟೆ. ನಿಜವಾದ ನೋವಿನಿಂದ ನಾಯಿಯನ್ನು ಅಪ್ಪಿಕೊಂಡು ಪ್ರಯಾಣಿಸುತ್ತಿದ್ದವನು ತನ್ನ ಸೌಲಭ್ಯವನ್ನು ಕಳೆದುಕೊಂಡನು; ಕುರುಡನ ಮಾರ್ಗದರ್ಶಿ ನಾಯಿಯನ್ನೂ ಜನರು ಸಂಶಯದಿಂದ ನೋಡುವಂತಾಯಿತು. ಸುಳ್ಳು ಸಾಕ್ಷಿ ಹೇಳಬಾರದೆಂಬ ಎಂಟನೆಯ ಆಜ್ಞೆ ನ್ಯಾಯಾಲಯದ ಕಟಕಟೆಗೆ ಮಾತ್ರ ಸೀಮಿತವಲ್ಲ. ಇಲ್ಲದ ರೋಗವನ್ನು ಕಾಗದದಲ್ಲಿ ಬರೆಸಿಕೊಳ್ಳುವವನು ಇರುವ ರೋಗಿಯ ಪಾಲನ್ನು ಕದಿಯುತ್ತಾನೆ. ವೃದ್ಧಾಪ್ಯ ವೇತನವಿರಲಿ, ಅಂಗವಿಕಲರ ಪಾಸಿರಲಿ, ನಮ್ಮ ತಾಲ್ಲೂಕು ಕಚೇರಿಗಳ ಮುಂದೆ ಸಾಲುಗಟ್ಟಿ ನಿಲ್ಲುವ ಅರ್ಹರಿಗೆ ಈ ಸತ್ಯವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೇಶದ ಸ್ಥಿತಿ ಬೇರೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಮನೋರೋಗ ಮತ್ತು ಆಟಿಸಂ ಸೇರಿದಂತೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಸಾರಿಗೆ ಎಲ್ಲರಿಗೂ ಸುಗಮವಾಗಿರಬೇಕೆಂದು ವಿಧಿಸಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು ಚಿಕಿತ್ಸೆಯನ್ನು ರೋಗಿಯ ಹಕ್ಕೆಂದು ಸಾರಿದೆ. ಆದರೆ ಆಸರೆಪ್ರಾಣಿಯೆಂಬ ಮಾತು ಇವೆರಡರಲ್ಲಿಯೂ ಇಲ್ಲ. ಆದ್ದರಿಂದ ಆಯಾ ಸಂಸ್ಥೆಯ ನಿಯಮವೇ ಪ್ರಮಾಣ. ರೈಲಿನಲ್ಲಿ ಎ.ಸಿ. ಪ್ರಥಮ ದರ್ಜೆಯ ಎರಡು ಅಥವಾ ನಾಲ್ಕು ಬರ್ತುಗಳ ಕೋಣೆಯನ್ನು ಪೂರ್ತಿಯಾಗಿ ಕಾದಿರಿಸಿಕೊಂಡವರು ನಾಯಿಯನ್ನು ಜೊತೆಗಿಟ್ಟುಕೊಳ್ಳಬಹುದು. ಉಳಿದವರ ನಾಯಿ ಗಾರ್ಡಿನ ಡಬ್ಬಿಯ ಪೆಟ್ಟಿಗೆಯಲ್ಲಿ ಒಂಟಿಯಾಗಿ ಹೋಗಬೇಕು. ಆಕಾಸಾ ಏರ್ ಎಂಬ ವಿಮಾನ ಕಂಪನಿ 2022ರ ನವೆಂಬರಿನಿಂದ ಸಣ್ಣ ನಾಯಿ ಬೆಕ್ಕುಗಳನ್ನು ಶುಲ್ಕ ಪಡೆದು ಪ್ರಯಾಣಿಕರ ಜೊತೆಯಲ್ಲಿಯೇ ಒಯ್ಯಲು ಅವಕಾಶವಿತ್ತಿತು. ಎಲ್ಲ ಕಂಪನಿಗಳ ನಿಯಮವೂ ಒಂದೇ ತೆರನಾಗಿಲ್ಲ. ನಮ್ಮ ರಾಜ್ಯದ ಸಾರಿಗೆ ನಿಗಮವು 2022ರಲ್ಲಿ ತನ್ನ ನಿಯಮವನ್ನು ಪರಿಷ್ಕರಿಸಿ, ಅದುವರೆಗೆ ನಾಯಿಗಿದ್ದ ಪೂರ್ಣ ದರವನ್ನು ಅರ್ಧಕ್ಕಿಳಿಸಿತು. ಅದೇ ವರ್ಷ ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಸಾಕುನಾಯಿಗಳ ಪ್ರವೇಶವನ್ನು ನಿಷೇಧಿಸಲು ತೋಟಗಾರಿಕೆ ಇಲಾಖೆ ಹೊರಟಾಗ, ಹಗ್ಗವಿಲ್ಲದೆ ಬಿಟ್ಟ ನಾಯಿಗಳ ಬಗ್ಗೆ ದೂರಿದವರೂ, ನಾಯಿಯಿಂದಲೇ ತಮಗೆ ನೆಮ್ಮದಿ ಎಂದವರೂ ಎದುರುಬದುರಾಗಿ ನಿಂತರು.

ಈ ನಿಯಮಗಳನ್ನು ಒಟ್ಟಾಗಿ ಇಟ್ಟು ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ. ಹಣವುಳ್ಳವನು ಇಡೀ ಕೋಣೆಯನ್ನು ಪಡೆದು ತನ್ನ ನಾಯಿಯೊಡನೆ ನಿಶ್ಚಿಂತೆಯಿಂದ ಪ್ರಯಾಣ ಮಾಡಬಲ್ಲನು. ಎರಡನೆಯ ದರ್ಜೆಯ ಪ್ರಯಾಣಿಕನಿಗೆ ಆ ಆಸರೆ ಇಲ್ಲ. ಪ್ರಾಣಿಯ ಸಂಗ ನಿಜವಾಗಿಯೂ ಔಷಧವಾಗಿದ್ದರೆ, ಅದು ಸಿರಿವಂತನ ಔಷಧ ಮಾತ್ರ ಆಗಬಾರದು. ಪವಿತ್ರ ಗ್ರಂಥದಲ್ಲಿ ಪ್ರವಾದಿ ನಾತಾನನು ಅರಸ ದಾವೀದನಿಗೆ ಹೇಳಿದ ಸಾಮತಿಯನ್ನು ಇಲ್ಲಿ ಸ್ಮರಿಸಬಹುದು. ಬಡವನೊಬ್ಬನಿಗೆ ಇದ್ದುದು ಒಂದೇ ಕುರಿಮರಿ. ಅದು ಅವನ ತುತ್ತಿನಲ್ಲಿ ಪಾಲು ಪಡೆದು, ಅವನ ಎದೆಗೊರಗಿ, ಮಗಳಂತೆ ಬೆಳೆದಿತ್ತು. ಸಿರಿವಂತನು ಅದನ್ನು ಕಸಿದುಕೊಂಡದ್ದನ್ನು ಕೇಳಿ ದಾವೀದನು ಕೋಪದಿಂದ ಉರಿದನು. ಬಡವನು ತನ್ನ ಪ್ರಾಣಿಯ ಮೇಲಿಟ್ಟ ಪ್ರೀತಿಯನ್ನು ಆ ಗ್ರಂಥ ಗೇಲಿ ಮಾಡುವುದಿಲ್ಲವೆಂಬುದನ್ನು ನಾವು ಗಮನಿಸಬೇಕು.

ಪ್ರಾಣಿಯೊಡನೆ ಪ್ರಯಾಣ ನಮ್ಮ ಸೀಮೆಗೆ ಹೊಸತೇನೂ ಅಲ್ಲ. ಸಂತೆಗೆ ಹೊರಟ ಕೋಳಿ, ಕಂಕುಳಲ್ಲಿ ಅವುಚಿಕೊಂಡ ಮೇಕೆಮರಿ ನಮ್ಮ ಹಳ್ಳಿಬಸ್ಸುಗಳಲ್ಲಿ ಹಿಂದಿನಿಂದಲೂ ಜಾಗ ಪಡೆದಿವೆ. ಯಾರೂ ಅದನ್ನು ಹಕ್ಕೆಂದು ಸಾಧಿಸಲಿಲ್ಲ. ಯಾರೂ ಅದಕ್ಕೆ ವೈದ್ಯರ ಪತ್ರ ಕೇಳಲಿಲ್ಲ. ‘ಸ್ವಲ್ಪ ಸರಿದುಕೊಳ್ಳಿ ಅಣ್ಣ’ ಎಂಬ ಒಂದು ಮಾತಿನಲ್ಲಿ ವ್ಯವಹಾರ ಮುಗಿಯುತ್ತಿತ್ತು. ಹಾಗೆಂದು ಹಳೆಯದೆಲ್ಲ ಹೊನ್ನೆಂದು ನಾವು ಹೇಳುವುದಿಲ್ಲ. ಕಾಲು ಕಟ್ಟಿ ತಲೆಕೆಳಗಾಗಿ ತೂಗಿಸಿಕೊಂಡು ಹೋದ ಕೋಳಿಯ ಸಂಕಟವನ್ನು ಅಂದು ಯಾರೂ ವಿಚಾರಿಸಲಿಲ್ಲ. ಇಂದಿಗೂ, ಒಡೆಯನ ನೆಮ್ಮದಿಗಾಗಿ ಬಿಸಿಲು, ಹಾರನ್ನಿನ ಸದ್ದು, ನೂಕುನುಗ್ಗಲುಗಳ ನಡುವೆ ಗಂಟೆಗಟ್ಟಲೆ ನಡುಗುವ ಪ್ರಾಣಿಗೆ ಆ ಪ್ರಯಾಣ ಹಿಂಸೆಯೇ. ಇನ್ನೊಂದು ಮಾತು. ಲವ್ ಬರ್ಡ್ಸ್ ಆಫ್ರಿಕಾ ಮೂಲದ ಹಕ್ಕಿ. ಆದರೆ ನಾಗರಹೊಳೆಯ ಅಂಚಿನ ನಮ್ಮ ಊರುಗಳಲ್ಲಿ ಕಾಣುವ ಹಸಿರು ಗಿಳಿಗೆ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ರಕ್ಷಣೆಯಿದೆ. ಅದನ್ನು ಹಿಡಿದು ಪಂಜರದಲ್ಲಿಡುವುದು ಅಪರಾಧವೆಂಬುದನ್ನು ನಮ್ಮ ಮನೆಗಳವರು ತಿಳಿದಿರಬೇಕು.

ಪ್ರಾಣಿಯ ಸಂಗದಿಂದ ಮನಸ್ಸಿಗೆ ಆಸರೆ ಸಿಗುತ್ತದೆಂಬ ಮಾತು ಬರಿಯ ಭ್ರಮೆಯಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್ ತಮ್ಮಲ್ಲಿಗೆ ಬರುವ, ಮಾತೇ ಆಡದ ಮಕ್ಕಳು ತಮ್ಮ ನಾಯಿ ಜಿಂಗಲ್ಸ್‌ನ ಎದುರು ಅರಳುವುದನ್ನು ಕಂಡು, 1962ರಲ್ಲಿ ಈ ಕುರಿತು ಲೇಖನ ಪ್ರಕಟಿಸಿದರು. ಗಂಡನನ್ನು ಕಳೆದುಕೊಂಡ ತಾಯಿಯೊಬ್ಬರು ಬೆಳಿಗ್ಗೆ ಹಾಸಿಗೆಯಿಂದ ಏಳುವುದು ನಾಯಿಗೆ ಅನ್ನ ಹಾಕಬೇಕಲ್ಲ ಎಂಬ ಕಾರಣಕ್ಕೇ ಇರಬಹುದು. ಆ ನಾಯಿ ಅವರ ಬದುಕಿಗೆ ದಿನಚರಿ ಕೊಟ್ಟಿದೆ. ಅವರನ್ನು ಮಗ ಬೆಂಗಳೂರಿಗೆ ಕರೆದೊಯ್ಯುವಾಗ ‘ನಾಯಿಯನ್ನು ಬಿಟ್ಟು ಬಾ’ ಎನ್ನುವುದು ಸುಲಭ. ಅವರು ಬಿಡುವುದು ನಾಯಿಯನ್ನು ಮಾತ್ರವಲ್ಲ ಎಂಬುದನ್ನು ತಿಳಿಯುವುದು ಕಷ್ಟ.

ಆದರೆ ಅದೇ ಬಸ್ಸಿನಲ್ಲಿ ಇನ್ನೊಬ್ಬ ತಾಯಿ ಇದ್ದಾರೆ. ಅವರ ಮಡಿಲಲ್ಲಿ ನಾಯಿ ಕಚ್ಚಿ ಚುಚ್ಚುಮದ್ದು ಪಡೆದ ಮಗುವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ಹುಚ್ಚುನಾಯಿ ರೋಗದಿಂದ ಸಾಯುವವರಲ್ಲಿ ಶೇಕಡ 36ರಷ್ಟು ಜನ ಭಾರತದವರು. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು. ಇಂಥ ದೇಶದಲ್ಲಿ ನಾಯಿಯ ಭಯ ಅವಿವೇಕವಲ್ಲ. 2025ರ ನವೆಂಬರ್ 7ರಂದು ಸರ್ವೋಚ್ಚ ನ್ಯಾಯಾಲಯವು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಬೀದಿನಾಯಿಗಳನ್ನು ಸ್ಥಳಾಂತರಿಸಬೇಕೆಂದು ಆದೇಶಿಸಿದ್ದೂ ಈ ಭಯದ ಹಿನ್ನೆಲೆಯಲ್ಲಿಯೇ. ಬೀದಿನಾಯಿ ಬೇರೆ, ಲಸಿಕೆ ಹಾಕಿಸಿದ ಸಾಕುನಾಯಿ ಬೇರೆ, ನಿಜ. ಆದರೆ ಹೆದರಿದ ಮಗುವಿಗೆ ಆ ಭೇದ ತಿಳಿಯದು. ಪ್ರಾಣಿಯ ಕೂದಲಿನಿಂದ ಉಬ್ಬಸ ಏಳುವವರೂ ಇದ್ದಾರೆ. ಜೂನ್ 13ರಂದು ಕೆ.ಆರ್. ನಗರದ ಸಮೀಪದ ದೋರನಹಳ್ಳಿಯ ಸಂತ ಅಂತೋಣಿಯವರ ಹಬ್ಬಕ್ಕೆ ಹೊರಟ, ಒಂಟಿಕಾಲಿನಲ್ಲಿ ನಿಲ್ಲಲೂ ಎಡೆಯಿಲ್ಲದ ಬಸ್ಸನ್ನು ನೆನೆಸಿಕೊಂಡರೆ ಸಮಸ್ಯೆ ಸ್ಪಷ್ಟವಾಗುತ್ತದೆ. ಅಲ್ಲಿ ಒಬ್ಬನ ಆಸರೆ ಇನ್ನೊಬ್ಬನ ಆತಂಕವಾಗುತ್ತದೆ.

ಹಾಗಾದರೆ ನ್ಯಾಯ ಯಾವ ಕಡೆಗಿದೆ? ಧರ್ಮಸಭೆಯ ಚಿಂತನೆ ಈ ವಿಷಯದಲ್ಲಿ ಎರಡು ಅತಿಗಳನ್ನೂ ತಳ್ಳಿಹಾಕುತ್ತದೆ. ತತ್ವಜ್ಞಾನಿ ದೆಕಾರ್ತ್ ಪ್ರಾಣಿಗಳನ್ನು ಯಂತ್ರಗಳಿಗೆ ಹೋಲಿಸಿದನು. ಅದು ಒಂದು ಅತಿ. ಮನುಷ್ಯನಿಗೂ ಪ್ರಾಣಿಗೂ ಮೌಲ್ಯದಲ್ಲಿ ಭೇದವೇ ಇಲ್ಲವೆನ್ನುವುದು ಇನ್ನೊಂದು. 13ನೆಯ ಶತಮಾನದ ಸಂತ ತೋಮಾಸ್ ಅಕ್ವೀನಾಸರು, ಪ್ರಾಣಿಗಳಲ್ಲಿ ಕನಿಕರವಿಡುವವನು ಮನುಷ್ಯರಲ್ಲಿ ಕನಿಕರವಿಡಲು ಹೆಚ್ಚು ಸಿದ್ಧನಾಗುತ್ತಾನೆ ಎಂದು ತಿಳಿಸಿದರು. ಅವರೇ, ಪೂರ್ಣಾರ್ಥದ ಸ್ನೇಹ ವಿವೇಕವುಳ್ಳವರ ನಡುವೆ ಮಾತ್ರ ಸಾಧ್ಯವೆಂದೂ ವಾದಿಸಿದರು. ಏಕೆಂದರೆ ಸ್ನೇಹವೆಂದರೆ ಬದುಕಿನ ಒಳಿತನ್ನು ಪರಸ್ಪರ ಹಂಚಿಕೊಳ್ಳುವುದು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ ನಿಲುವೂ ಇದೇ: ಪ್ರಾಣಿಗಳಿಗೆ ದಯೆ ಸಲ್ಲಬೇಕು, ಅವುಗಳನ್ನು ನಿಷ್ಕಾರಣವಾಗಿ ನೋಯಿಸುವುದು ಮನುಷ್ಯನ ಘನತೆಗೆ ತಕ್ಕುದಲ್ಲ, ಆದರೆ ಮನುಷ್ಯರಿಗೇ ಸಲ್ಲಬೇಕಾದ ವಾತ್ಸಲ್ಯವನ್ನು ಅವುಗಳಿಗೆ ತಿರುಗಿಸಬಾರದು.

ದಿವಂಗತ ಪೋಪ್ ಫ್ರಾನ್ಸಿಸರು 2022ರ ಜನವರಿ 5ರಂದು, ಮಕ್ಕಳ ಬದಲಿಗೆ ನಾಯಿಬೆಕ್ಕುಗಳನ್ನು ಇಟ್ಟುಕೊಳ್ಳುವ ದಂಪತಿಗಳನ್ನು ಕುರಿತು ಆಡಿದ ಮಾತು ಅನೇಕರಿಗೆ ಕಟುವೆನಿಸಿತು. ಅದು ಮಕ್ಕಳನ್ನು ಪಡೆಯಬಲ್ಲವರಾಗಿಯೂ ಬೇಡವೆನ್ನುವವರನ್ನು ಉದ್ದೇಶಿಸಿದ್ದೇ ಹೊರತು, ಮಕ್ಕಳು ಬಿಟ್ಟುಹೋದ ಮನೆಯಲ್ಲಿ ನಾಯಿಯನ್ನು ತಡವುತ್ತ ಕುಳಿತ ವೃದ್ಧೆಯನ್ನಲ್ಲ. ಆಕೆಯ ವಾತ್ಸಲ್ಯವನ್ನು ನಾಯಿ ಕಸಿದುಕೊಂಡಿಲ್ಲ. ಮನುಷ್ಯರು ಖಾಲಿ ಬಿಟ್ಟ ಜಾಗದಲ್ಲಿ ಅದು ಬಂದು ಕುಳಿತಿದೆ. ಆದಿಕಾಂಡದಲ್ಲಿಯೂ, ಮನುಷ್ಯನು ಒಂಟಿಯಾಗಿರುವುದು ಒಳ್ಳೆಯದಲ್ಲವೆಂದು ಕಂಡ ದೇವರು ಮೊದಲು ಪ್ರಾಣಿಪಕ್ಷಿಗಳನ್ನೇ ಅವನ ಬಳಿಗೆ ತಂದರು. ಅವನು ಪ್ರತಿಯೊಂದಕ್ಕೂ ಹೆಸರಿಟ್ಟನು. ಆದರೂ ತಕ್ಕ ಜೊತೆ ಅವುಗಳಲ್ಲಿ ಅವನಿಗೆ ದೊರೆಯಲಿಲ್ಲ.

ಪವಿತ್ರ ಗ್ರಂಥದಲ್ಲಿ ನಾಯಿಯೊಡನೆ ಪ್ರಯಾಣ ಹೊರಟವನ ವೃತ್ತಾಂತವೂ ಇದೆ. ತೋಬಿತನ ಗ್ರಂಥದಲ್ಲಿ ಯುವಕ ತೋಬಿಯಾಸನು ದೂರದ ಊರಿಗೆ ಹೊರಟಾಗ ಮನೆಯ ನಾಯಿ ಅವನನ್ನು ಹಿಂಬಾಲಿಸಿತು. ಅವನು ಮರಳುವಾಗಲೂ ಜೊತೆಗಿತ್ತು. ಆದರೆ ಕಣ್ಣು ಕಾಣದ ತಂದೆ ತೋಬಿತನು, ನಾಯಿಯಿದೆಯಲ್ಲ ಎಂದು ಸುಮ್ಮನಿರಲಿಲ್ಲ. ದಾರಿಯಲ್ಲಿ ಜೊತೆಯಾಗಬಲ್ಲ ನಂಬಿಕಸ್ತನೊಬ್ಬನನ್ನು ಹುಡುಕಲು ಮಗನಿಗೆ ಹೇಳಿದನು. ಅವನಿಗೆ ಕೂಲಿ ಕೊಡಲೂ ಸಿದ್ಧನಾದನು. ಹಾಗೆ ಮನುಷ್ಯರೂಪದಲ್ಲಿ ಜೊತೆಯಾದವನೇ ಮಹಾದೂತ ರಫಾಯೇಲನು. ನಾಯಿಯನ್ನು ಯಾರೂ ಹಿಂದಕ್ಕೆ ಅಟ್ಟಲಿಲ್ಲ. ನಾಯಿಯೇ ಸಾಕೆಂದು ಯಾರೂ ತಿಳಿಯಲೂ ಇಲ್ಲ. ಈ ವಿವಾದದಲ್ಲಿ ನಮ್ಮ ನಿಲುವೂ ಇದೇ. ಪ್ರಾಣಿಗೆ ಎಡೆಯಿರಲಿ, ಆದರೆ ನೊಂದವನ ಪಕ್ಕದ ಮನುಷ್ಯನ ಸ್ಥಾನವನ್ನು ಅದಕ್ಕೆ ವಹಿಸಿಕೊಟ್ಟು ನಾವು ಕೈತೊಳೆದುಕೊಳ್ಳುವುದು ಸಲ್ಲದು.

ಇದರಿಂದ ಕೆಲವು ವ್ಯಾವಹಾರಿಕ ತೀರ್ಮಾನಗಳು ಹೊರಡುತ್ತವೆ. ಕುರುಡರ ಮತ್ತು ಇತರ ಅಂಗವಿಕಲರ ತರಬೇತಾದ ನಾಯಿಗಳಿಗೆ ಎಲ್ಲ ವಾಹನಗಳಲ್ಲಿಯೂ ಶುಲ್ಕವಿಲ್ಲದೆ ಪ್ರವೇಶವಿರಬೇಕು; ಅದು ದಾಕ್ಷಿಣ್ಯವಲ್ಲ, ಹಕ್ಕು. ಮಡಿಲಲ್ಲಿಟ್ಟುಕೊಳ್ಳಬಹುದಾದ ಬುಟ್ಟಿ ಅಥವಾ ಪಂಜರದ ಪುಟ್ಟ ಪ್ರಾಣಿಗೆ ತಲೆಯೆಣಿಸಿ ದರ ವಿಧಿಸುವುದಕ್ಕಿಂತ, ಪಂಜರವೊಂದಕ್ಕೆ ಅಲ್ಪ ದರವನ್ನು ಗೊತ್ತುಪಡಿಸುವುದು ನ್ಯಾಯವೆಂದು ತೋರುತ್ತದೆ. ದೊಡ್ಡ ನಾಯಿಗೆ ಹಗ್ಗ, ಬಾಯಿಗೆ ಮುಸುಕು, ಲಸಿಕೆಯ ಪತ್ರ ಕಡ್ಡಾಯವಾಗಿರಲಿ. ಜನಜಂಗುಳಿಯ ದಿನಗಳಲ್ಲಿ ಒಡೆಯನೇ ಅದನ್ನು ಕರೆತರದಿರುವ ವಿವೇಕ ತೋರಲಿ. ಮುಂದೆ ನಮ್ಮಲ್ಲಿಯೂ ಆಸರೆಪ್ರಾಣಿಗೆ ಕಾನೂನಿನ ಮಾನ್ಯತೆ ಬರುವುದಾದರೆ, ರೋಗಿಯನ್ನು ಕಂಡು ಚಿಕಿತ್ಸೆ ನೀಡುತ್ತಿರುವ ವೈದ್ಯರ ಮಾತಿಗೆ ಮಾತ್ರ ಬೆಲೆಯಿರಲಿ. ಪ್ರಾಣಿಯನ್ನು ಕರೆತರುವವನು ಪಕ್ಕದವರನ್ನು ಮೊದಲು ಕೇಳಲಿ; ಕೇಳಿಸಿಕೊಂಡವನು ಮುಖ ಸಿಂಡರಿಸುವ ಮೊದಲು, ಇವರಿಗೆ ಏನು ಕಷ್ಟವೋ ಎಂದು ಒಂದು ಕ್ಷಣ ಯೋಚಿಸಲಿ.

ಇನ್ನು ನಮ್ಮ ಕಥೋಲಿಕ ಕುಟುಂಬಗಳ ಪಾಲಿನ ಕೆಲಸ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇಕಡ 10.6ರಷ್ಟು ಜನ ಯಾವುದಾದರೊಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು. ಬೇರೆ ಬೇರೆ ಕಾಯಿಲೆಗಳಲ್ಲಿ ಶೇಕಡ 70ರಿಂದ 92ರವರೆಗಿನ ರೋಗಿಗಳಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ನಮ್ಮ ಧರ್ಮಕೇಂದ್ರಗಳ ಬಲಿಪೂಜೆಗೆ ಬರುವ ಜನರಲ್ಲಿಯೂ ಅವರಿದ್ದಾರೆ. ಬರಲಾರದೆ ಮನೆಯಲ್ಲಿಯೇ ಉಳಿದವರಲ್ಲಿ ಇನ್ನೂ ಹೆಚ್ಚು ಇದ್ದಾರೆ. ‘ಪ್ರಾರ್ಥನೆ ಮಾಡಿ, ಸರಿಹೋಗುತ್ತದೆ’ ಎಂದಷ್ಟೇ ಹೇಳಿ ಅವರನ್ನು ಕಳುಹಿಸಬಾರದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿದರೆ, ಹಣವಿಲ್ಲದೆ, ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಈ ಸಂಖ್ಯೆಯನ್ನು ಪ್ರತಿಯೊಂದು ದೇವಾಲಯದ ಸೂಚನಾ ಫಲಕದಲ್ಲಿ ಬರೆದು ಹಾಕಬಹುದು.

ಕಿರು ಕ್ರೈಸ್ತ ಸಮುದಾಯಗಳು, ವಿನ್ಸೆಂಟ್ ದೆ ಪಾಲ್ ಸಭೆ, ಮರಿಯ ಸೇನೆಯ ಸದಸ್ಯರು ಒಂಟಿಯಾಗಿರುವವರ ಮನೆಗಳನ್ನು ಗುರುತಿಸಿ ವಾರಕ್ಕೊಮ್ಮೆ ಭೇಟಿ ನೀಡಲಿ. ಹಿರಿಯರು ಆಸ್ಪತ್ರೆಗೋ ಮಗನ ಮನೆಗೋ ಹೋಗುವಾಗ ಅವರ ನಾಯಿಗೆ ನಾಲ್ಕು ದಿನ ಅನ್ನ ಹಾಕುವ ಹೊಣೆಯನ್ನು ನೆರೆಯವರು ಹೊತ್ತರೆ, ಅದೂ ಧರ್ಮಕಾರ್ಯವೇ. ಬಸ್ಸಿನ ಅರ್ಧ ಸಮಸ್ಯೆ ಅಲ್ಲಿಯೇ ಪರಿಹಾರವಾದೀತು. ಪರಊರಿನಲ್ಲಿರುವ ಮಕ್ಕಳು ತಾಯಿಗೆ ನಾಯಿಮರಿಯೊಂದನ್ನು ತಂದುಕೊಟ್ಟರೆ ಸಂತೋಷ. ಅದರೊಡನೆ ವಾರಕ್ಕೆರಡು ಬಾರಿ ದೂರವಾಣಿಯ ಮಾತನ್ನೂ, ಹಬ್ಬಕ್ಕೊಮ್ಮೆ ತಮ್ಮ ಮುಖವನ್ನೂ ಕೊಡಲಿ. ನಾಯಿ ಬಾಗಿಲಲ್ಲಿ ಬಾಲವಾಡಿಸಿ ಸ್ವಾಗತಿಸುವುದು ಮನೆಗೆ ಯಾರಾದರೂ ಬಂದಾಗ. ಬರುವವರೇ ಇಲ್ಲದಿದ್ದರೆ ಅದೂ ತನ್ನ ಒಡತಿಯಂತೆ ದಾರಿ ನೋಡುತ್ತ ಮಲಗಿರುತ್ತದೆ.